ಕಡಜದ ದ್ರಾಕ್ಷಿಯ ಜೋನಿ

ಜಗಳೂರು ದಾಟಿ ಒಂದು ಮೈಲಿ ನಡೆದರೆ, ಕರಿಜಾಲಿ ಮರಗಳ ನಡುವೆ ಹಂಚಿನ ಒಂದು ಉದ್ದನೆಯ ಕಟ್ಟಡ ಸಿಗುತ್ತಿತ್ತು. ಊರವರು ಅದನ್ನು ಸಿಸ್ಟರಮ್ಮನ ದವಾಖಾನೆ ಎನ್ನುತ್ತಿದ್ದರು. ಮೊದಲು ಅಲ್ಲಿ ಇಟಲಿಯಿಂದ ಬಂದ ಇಬ್ಬರು ಕ್ರೈಸ್ತ ಸಿಸ್ಟರುಗಳಿದ್ದರು. ಒಬ್ಬರು ವಯಸ್ಸಾಗಿ ತಮ್ಮ ದೇಶಕ್ಕೆ ಹೋದ ಮೇಲೆ ಉಳಿದವರು ಅಗ್ನೇಸೆ ಒಬ್ಬರೇ. ಅವರ ಜೊತೆಗೆ ಔಷಧಿ ಕಟ್ಟಿಕೊಡುವ ಕಾಂಪೌಂಡರ್ ನಾಗೇಂದ್ರಪ್ಪ, ಅಡುಗೆಗೂ ತೋಟಕ್ಕೂ ಚೌಡಕ್ಕ.

ಚೌಡಕ್ಕ ಅಲ್ಲಿಗೆ ಕೆಲಸ ಕೇಳಿಕೊಂಡು ಬಂದವಳಲ್ಲ, ಮುರಿದ ಕೈ ಹಿಡಿದುಕೊಂಡು ಬಂದವಳು. ಅವಳ ತವರು ಚನ್ನಗಿರಿ ಕಡೆಯ ಉಬ್ರಾಣಿ. ಮದುವೆಯಾಗಿ ಜಗಳೂರಿಗೆ ಬಂದಿದ್ದಳು. ಗಂಡ ತಿಪ್ಪೇಶಪ್ಪ ಹತ್ತಿ ಬಿಡಿಸುವ ಜಿನ್ನಿನಲ್ಲಿ ಮೂಟೆ ಹೊರುತ್ತಿದ್ದ. ಕುಡಿಯದಿದ್ದಾಗ ಅವನಷ್ಟು ಮೆತ್ತಗಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಆದರೆ ಕುಡಿಯದ ದಿನಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದವು. ಒಂದು ಸಂಜೆ ಅವಳು ಅವನ ಸಾರಾಯಿ ಬಾಟಲಿಯನ್ನು ಬಚ್ಚಲಿಗೆ ಸುರಿದಳು. ಅವನು ಅವಳ ಎಡಗೈ ಹಿಡಿದು ತಿರುವಿದ. ಮಣಿಕಟ್ಟಿನ ಮೂಳೆ ಲಟಕ್ಕೆಂದ ಸದ್ದು ಅವಳಿಗಿಂತ ಮೊದಲು ಅವನಿಗೇ ಕೇಳಿಸಿತು. ಮಾರನೆಯ ದಿನ ಅವನೇ ಅಳುತ್ತ ಅವಳನ್ನು ದವಾಖಾನೆಗೆ ಕರೆತಂದ. ಸಿಸ್ಟರ್ ಅಗ್ನೇಸೆ ಮೂಳೆ ಕೂರಿಸಿ, ಪಟ್ಟಿ ಕಟ್ಟಿ, ಆರು ವಾರ ನೋಡಿಕೊಂಡರು. ಕೈ ಕೂಡಿಕೊಂಡಿತು. ಅವನು ಕುಡಿತ ಮಾತ್ರ ಬಿಡಲಿಲ್ಲ. ವರ್ಷ ತುಂಬುವುದರೊಳಗೆ ತಿಪ್ಪೇಶಪ್ಪ ಹೊಟ್ಟೆ ಊದಿಕೊಂಡು ಸತ್ತ. ಕೊನೆಯ ದಿನ ಅವನಿಗೆ ಹೆಂಡತಿಯ ಗುರುತೂ ಸಿಗಲಿಲ್ಲ. ಹೆಣ ಮಣ್ಣು ಮಾಡಿ ಬಂದ ಚೌಡಕ್ಕನಿಗೆ ಸಿಸ್ಟರಮ್ಮ ದವಾಖಾನೆಯ ಹಿಂದಿನ ಕೋಣೆ ಕೊಟ್ಟರು. ಅದು ಎಪ್ಪತ್ನಾಲ್ಕನೆಯ ಇಸವಿ.

ಅದೇ ವರ್ಷ ಸಿಸ್ಟರಮ್ಮ ತಾಯಿಯನ್ನು ನೋಡಲು ಇಟಲಿಗೆ ಹೋಗಿ ಬಂದರು. ಬರುವಾಗ ಪೆಟ್ಟಿಗೆಯಲ್ಲಿ ಒದ್ದೆ ಹತ್ತಿ ಸುತ್ತಿದ ಆರು ಕಡ್ಡಿ ತಂದಿದ್ದರು. ಬಾವಿಯ ಪಕ್ಕ ನೆಟ್ಟರು. ನಾಲ್ಕು ಒಣಗಿದವು, ಎರಡು ಚಿಗುರಿದವು. ಚೌಡಕ್ಕ ಪಾತ್ರೆ ತೊಳೆದ ನೀರನ್ನು ಅವುಗಳ ಬುಡಕ್ಕೇ ಹಾಯಿಸಿದಳು. ಮೂರನೆಯ ವರ್ಷಕ್ಕೆ ಬಳ್ಳಿ ಚಪ್ಪರ ತುಂಬಿತು.

ದ್ರಾಕ್ಷಿ ಅಂದರೆ ಅವಳಿಗೆ ಗೊತ್ತಿದ್ದದ್ದು ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ದಪ್ಪ ಕರಿ ಹಣ್ಣು. ಇದು ಹಾಗಿರಲಿಲ್ಲ. ಹಣ್ಣು ಚಿಕ್ಕದು, ಸಿಪ್ಪೆ ತೆಳು, ಒಳಗೆ ಬೀಜ. ಮಾಗಿದಾಗ ಬಣ್ಣ ಜೇನಿನಂತೆ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಬಾಯಿಗೆ ಹಾಕಿದರೆ ಮೊದಲು ಸಿಹಿ, ಹಿಂದೆಯೇ ಹಲ್ಲು ಚುಳ್ಳೆನ್ನುವ ಹುಳಿ. ಹಣ್ಣಾದ ವಾರದಲ್ಲೇ ಎಲ್ಲಿಂದಲೋ ಕಡಜದ ಹುಳುಗಳು ಹಿಂಡುಗಟ್ಟಿ ಬಂದು ಗೊಂಚಲಿಗೆ ಮುತ್ತುತ್ತಿದ್ದವು. ಚೌಡಕ್ಕ ಬೈದುಕೊಂಡು ಹಳೆಯ ಸೀರೆಗಳನ್ನು ಹರಿದು ಗೊಂಚಲುಗಳಿಗೆ ಕಟ್ಟಿದಾಗ ಸಿಸ್ಟರಮ್ಮ ನಕ್ಕರು. ಈ ಹಣ್ಣಿನ ಹೆಸರೇ ವೆಸ್ಪಾಯೋಲಾ, ತಮ್ಮ ಭಾಷೆಯಲ್ಲಿ ವೆಸ್ಪಾ ಎಂದರೆ ಕಡಜ, ಹುಳುಗಳಿಗೆ ಈ ಸಿಹಿ ಅಷ್ಟು ಇಷ್ಟವೆಂದೇ ಆ ಹೆಸರು ಬಂದಿದೆ ಎಂದು ಹೇಳಿದರು. ಅವರ ಊರು ಬೆಟ್ಟದ ಬುಡದ ಬ್ರೆಗಾಂಜೆ. ಅಲ್ಲಿ ಸುತ್ತಮುತ್ತಲಿನ ಕೆಲವೇ ಹಳ್ಳಿಗಳಲ್ಲಿ ಇದನ್ನು ಬೆಳೆಯುತ್ತಾರಂತೆ. ಇಟಲಿಯಲ್ಲೇ ಆಚೆ ಊರಿನವರಿಗೆ ಇದರ ಹೆಸರು ಗೊತ್ತಿಲ್ಲವಂತೆ.

ಚೌಡಕ್ಕನ ಬಾಯಲ್ಲಿ ಅದು ಕಡಜದ ದ್ರಾಕ್ಷಿಯಾಯಿತು. ಎಳೆಯ ಕಾಯಿಯನ್ನು ಅರೆದು ಸಾರಿಗೆ ಹುಣಸೆಹಣ್ಣಿನ ಬದಲು ಹಾಕುವುದನ್ನು ಅವಳೇ ಕಂಡುಕೊಂಡಳು. ಸವರಿದ ಕಡ್ಡಿಗಳನ್ನು ಒಲೆಗೆ ಇಟ್ಟಳು. ಮಾಗಿದ ಗೊಂಚಲುಗಳನ್ನು ಏನು ಮಾಡಬೇಕೆಂದು ಮಾತ್ರ ಸಿಸ್ಟರಮ್ಮ ಕಲಿಸಿದರು. ಎರಡು ಎಳೆ ಹುರಿಯನ್ನು ಹೊಸೆಯುತ್ತ, ಹೊಸೆತದ ನಡುವೆ ಒಂದೊಂದೇ ಗೊಂಚಲಿನ ತೊಟ್ಟು ಸಿಕ್ಕಿಸುತ್ತ ಹೋಗಬೇಕು. ಬೆಳ್ಳುಳ್ಳಿಯ ಜಡೆ ಹೆಣೆದ ಹಾಗೆ ಆಳೆತ್ತರದ ಮಾಲೆಯಾದ ಮೇಲೆ ಅದನ್ನು ಅಟ್ಟದ ತೊಲೆಗೆ ನೇತುಹಾಕಬೇಕು. ಸಿಸ್ಟರಮ್ಮನ ಊರಲ್ಲಿ ಅದು ಒಣಗಲು ಚಳಿಗಾಲವೆಲ್ಲ ಬೇಕಿತ್ತು. ಜಗಳೂರಿನ ಗಾಳಿಗೆ ಒಂದೇ ತಿಂಗಳು ಸಾಕಾಯಿತು. ಚೌಡಕ್ಕನ ಎಡಗೈ ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ. ಆದರೂ ಹುರಿ ಹೊಸೆಯುವ ಕೆಲಸ ಅವಳಿಗೆ ಹಿಡಿಸಿಬಿಟ್ಟಿತು. ಬಿಸಿಲು ಮಾಡಿನ ಸಂದಿಯಿಂದ ಬಿದ್ದಾಗ ಆ ಮಾಲೆಗಳು ಹೊಳೆಯುವುದನ್ನು ನೋಡಲು ಸುಮ್ಮನೆ ಅಟ್ಟ ಹತ್ತುತ್ತಿದ್ದಳು.

ಒಣಗಿದ ಗೊಂಚಲುಗಳನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಸಿಸ್ಟರಮ್ಮ ಹೊನ್ನಾಳಿ ಬಸ್ಸು ಹತ್ತುತ್ತಿದ್ದರು. ಅಲ್ಲಿನ ಚರ್ಚಿನ ಗುರುಗಳ ಪೂಜೆಗೆ ಬೇಕು ಎನ್ನುತ್ತಿದ್ದರು. ಪೂಜೆಗೆ ಅಂದ ಮೇಲೆ ನೈವೇದ್ಯಕ್ಕೆ ಇರಬೇಕು ಎಂದುಕೊಂಡು ಚೌಡಕ್ಕ ಮತ್ತೆ ಕೇಳಿರಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಬಳ್ಳಿ ಹಿಂದೆಂದೂ ಇಲ್ಲದಷ್ಟು ಬಿಟ್ಟಿತು. ಅಟ್ಟದಲ್ಲಿ ಮಾಲೆ ಹಾಕಲು ಜಾಗ ಸಾಲದೆ ಚೌಡಕ್ಕ ತನ್ನ ಕೋಣೆಯ ತೊಲೆಗೂ ಕಟ್ಟಿದಳು. ಅವು ಇನ್ನೂ ಒಣಗುತ್ತಿದ್ದಾಗಲೇ ಸಿಸ್ಟರಮ್ಮ ಮಕ್ಕಳಿಗೆ ಲಸಿಕೆ ಹಾಕುವ ಶಿಬಿರಕ್ಕೆಂದು ನ್ಯಾಮತಿಗೆ ಹೋದರು. ಅಲ್ಲಿ ಬಸ್ಸಿನಿಂದ ಇಳಿಯುವಾಗ ಸೀರೆಯ ಅಂಚು ಕಾಲಿಗೆ ಸಿಕ್ಕಿ ಬಿದ್ದು ಬಲಗಾಲಿನ ಮೂಳೆ ಮುರಿಯಿತು. ಹೊನ್ನಾಳಿಯ ಆಸ್ಪತ್ರೆಗೆ ಸೇರಿಸಿದರು. ಎಂಟು ದಿನದ ಮೇಲೆ ಅವರಿಂದ ಒಂದು ಚೀಟಿ ಬಂತು. ನಾಗೇಂದ್ರಪ್ಪ ಓದಿ ಹೇಳಿದ. ಗುರುಗಳು ರಜೆಯ ಮೇಲೆ ಹೋಗಿದ್ದಾರೆ, ಈ ಸಲ ಹಣ್ಣನ್ನು ಹೊನ್ನಾಳಿಗೆ ಕಳಿಸುವುದು ಬೇಡ. ಚೌಡಕ್ಕನೇ ಅದನ್ನು ಹಿಂಡಿ, ರಸವನ್ನು ಎರಡು ಪಿಂಗಾಣಿ ಜಾಡಿಗಳಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಕತ್ತಲೆ ಕೋಣೆಯಲ್ಲಿಡಬೇಕು. ತಾನು ಬರುವವರೆಗೆ ಮುಟ್ಟಬಾರದು.

ಚೌಡಕ್ಕ ಹೇಳಿದ ಹಾಗೆ ಮಾಡಿದಳು. ಒಣಗಿದ ಹಣ್ಣಿನಿಂದ ರಸ ಬರಿಸುವುದು ಸುಲಭವಿರಲಿಲ್ಲ. ಇಡೀ ದಿನ ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ, ಕೂತು ಹಿಂಡಿದಳು. ಎಣ್ಣೆಯಂತೆ ಮಂದವಾದ ರಸ ಇಳಿಯಿತು. ಸಿಪ್ಪೆಯನ್ನು ಅಂದೇ ದವಾಖಾನೆಯ ಎಮ್ಮೆಗೆ ಹಾಕಿದಳು. ಜಾಡಿ ತುಂಬಿ ತನ್ನ ಕೋಣೆಯ ಮೂಲೆಯಲ್ಲಿಟ್ಟಳು. ಅಷ್ಟು ತಂಪಾದ ಜಾಗ ಬೇರೆ ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತಳು. ಜಾಡಿಯಿಂದ ಸಣ್ಣಗೆ ಬುಸುಬುಸು ಸದ್ದು ಬರುತ್ತಿತ್ತು. ಬಟ್ಟೆ ಉಬ್ಬಿತ್ತು. ಮತ್ತೆ ಆ ವಾಸನೆ. ಹನ್ನೊಂದು ವರ್ಷ ಪಕ್ಕದಲ್ಲಿ ಮಲಗಿದ್ದವನ ಉಸಿರಿನ ವಾಸನೆ ಅದು. ಅಷ್ಟು ಖಾರವಲ್ಲ, ಅಷ್ಟು ಕೆಟ್ಟದ್ದೂ ಅಲ್ಲ, ಆದರೆ ಅದೇ ಕುಲದ್ದು. ಅವಳ ಮಣಿಕಟ್ಟು ತಾನಾಗಿಯೇ ಸೆರಗಿನೊಳಗೆ ಸೇರಿಕೊಂಡಿತು.

ಅವಳು ನೆಟ್ಟಗೆ ನಾಗೇಂದ್ರಪ್ಪನ ಹತ್ತಿರ ಹೋಗಿ ಇದೇನೆಂದು ಕೇಳಿದಳು. ಅವನು ಮಾತ್ರೆ ಎಣಿಸುತ್ತಿದ್ದವನು ತಲೆ ಎತ್ತಿದ.

"ವೈನು ಕಣಕ್ಕ. ಅವರ ಪೂಜೇಲಿ ಅದು ಬೇಕೇ ಬೇಕು. ಇಷ್ಟು ವರ್ಷ ಹೊನ್ನಾಳ್ಯಾಗೆ ಮಾಡ್ತಿದ್ರು. ನಿಂಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಿರಲಿಲ್ಲ."

"ಸಾರಾಯಿ ಅನ್ರಿ."

"ಸಾರಾಯಿ ಬ್ಯಾರೆ, ಇದು ಬ್ಯಾರೆ," ಎಂದ ನಾಗೇಂದ್ರಪ್ಪ. ಮತ್ತೆ ಮಾತ್ರೆ ಎಣಿಸತೊಡಗಿದ.

ಚೌಡಕ್ಕ ಅಂದು ಅಡುಗೆ ಮಾಡಿದಳು, ಕಸ ಗುಡಿಸಿದಳು, ಬ್ಯಾಂಡೇಜ್ ಬಟ್ಟೆ ಕುದಿಸಿದಳು. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮಾತ್ರ ಒಂದೇ ಕಡೆ ಕುಕ್ಕುತ್ತಿತ್ತು. ಅವರ ದೇವರಿಗೆ ಏನು ಬೇಕೋ ಅದು ಅವರ ಪಾಡು. ಆದರೆ ತನ್ನ ಕೈ ಮುರಿದದ್ದು ಯಾತಕ್ಕೆ ಎಂದು ಸಿಸ್ಟರಮ್ಮನಿಗೆ ಗೊತ್ತಿತ್ತು. ಆ ಕೈಯಿಂದಲೇ ಇದನ್ನು ಹಿಂಡಿಸಿದರಲ್ಲ, ಒಂದು ಮಾತು ಹೇಳದೆ! ಸಂಜೆಯ ಹೊತ್ತಿಗೆ, ಹೊನ್ನಾಳಿಗೆ ಹೋಗಿ ಮುಖಾಮುಖಿ ಕೇಳಿಬಿಡುವುದೇ ಸರಿ ಎನಿಸಿತು.

ಮಾರನೆಯ ದಿನ ಮೊದಲ ಬಸ್ಸಿಗೆ ದಾವಣಗೆರೆ, ಅಲ್ಲಿಂದ ಹೊನ್ನಾಳಿ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೇ ಹೋದಳು. ಆಸ್ಪತ್ರೆಯ ಮಂಚದ ಮೇಲೆ ಸಿಸ್ಟರಮ್ಮ ಕಾಲನ್ನು ಪ್ಲಾಸ್ಟರಿನಲ್ಲಿ ಮೇಲಕ್ಕೆ ಎತ್ತಿ ಕಟ್ಟಿಸಿಕೊಂಡು ಮಲಗಿದ್ದರು. ತಲೆವಸ್ತ್ರವಿಲ್ಲದ ಅವರ ತಲೆಯನ್ನು ಚೌಡಕ್ಕ ನೋಡಿದ್ದು ಅದೇ ಮೊದಲು. ಕೂದಲೆಲ್ಲ ಬೆಳ್ಳಗಾಗಿ, ಗಂಡುಮಕ್ಕಳ ಹಾಗೆ ಕತ್ತರಿಸಿತ್ತು. ಮುಖ ಚಿಕ್ಕದಾಗಿತ್ತು. ಚೌಡಕ್ಕನನ್ನು ಕಂಡು ಅವರು ಎರಡೂ ಕೈ ಚಾಚಿದರು. ಬಳ್ಳಿಗೆ ನೀರು ಹಾಕುತ್ತಿದ್ದೀಯಾ, ಎಮ್ಮೆ ಕರು ಹಾಕಿತಾ, ಹಣ್ಣು ಹಿಂಡಿದೆಯಾ ಎಂದು ಒಂದರ ಮೇಲೊಂದು ಕೇಳಿದರು. ಹಿಂಡಿದೆ ಎಂದಳು ಚೌಡಕ್ಕ. ಆಗ ಸಿಸ್ಟರಮ್ಮನ ಕಣ್ಣು ತುಂಬಿ ಬಂತು. ಕಾಲು ಮುರಿದ ದಿನದಿಂದ ಅದೊಂದೇ ಚಿಂತೆಯಾಗಿತ್ತು, ಐದು ವರ್ಷದ ಬಳ್ಳಿಯ ದೊಡ್ಡ ಫಸಲು ಹಾಳಾಗುತ್ತದೆ ಎಂದುಕೊಂಡಿದ್ದೆ, ನಿನ್ನ ಕೈಗುಣ ದೊಡ್ಡದು ಎಂದರು.

ಚೌಡಕ್ಕ ಕಾಲು ನೋಯುತ್ತದೆಯೇ ಎಂದಷ್ಟೇ ಕೇಳಿ, ತಂದಿದ್ದ ರೊಟ್ಟಿ ಚಟ್ನಿಪುಡಿ ಕೊಟ್ಟು, ತಿರುಗಿ ಬಸ್ಸು ಹತ್ತಿದಳು. ಬಸ್ಸಿನಲ್ಲಿ ತನ್ನ ಮೇಲೆಯೇ ಸಿಟ್ಟು ಬಂತು. ಕೇಳದೆ ಬಂದದ್ದಕ್ಕೆ ಸ್ವಲ್ಪ, ಕೇಳಲು ಹೋದದ್ದಕ್ಕೆ ಸ್ವಲ್ಪ.

ದವಾಖಾನೆಯ ಗೇಟಿನಲ್ಲಿ ಜಯಪ್ಪ ಕಾಯುತ್ತಿದ್ದ. ಅವನು ಅಬಕಾರಿ ಇಲಾಖೆಯ ಗಾರ್ಡು. ಹಿಂದಿನ ವರ್ಷ ಅವನ ಮಗಳಿಗೆ ಹಾವು ಕಡಿದಾಗ ಸಿಸ್ಟರಮ್ಮ ಎರಡು ದಿನ ಪಕ್ಕದಲ್ಲೇ ಕೂತು ಉಳಿಸಿದ್ದರು. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. ಕಾಂಪೌಂಡಿನಲ್ಲಿ ಕಳ್ಳಭಟ್ಟಿ ನಡೆಯುತ್ತಿದೆ ಎಂದು ಸಾರಾಯಿ ಗುತ್ತಿಗೆದಾರನ ಕಡೆಯವರು ದೂರು ಕೊಟ್ಟಿದ್ದಾರೆ. ಔಷಧಿಗೆ ಬಂದ ಯಾರಿಗೋ ವಾಸನೆ ಸಿಕ್ಕಿದೆಯಂತೆ.

"ನಾಳಿದ್ದು ಸಾಹೇಬ್ರು ಬರ್ತಾರೆ ಚೌಡಕ್ಕ. ನಾನು ಹೇಳಿದ್ದು ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗ್ತದೆ. ಏನೈತೋ ಅದನ್ನ ಚರಂಡಿಗೆ ಸುರಿದುಬಿಡ್ರಿ. ಸಿಸ್ಟರಮ್ಮ ಪರದೇಶದವ್ರು, ಒಂದು ಕೇಸು ಬಿದ್ರೂ ಈ ದೇಶದಾಗೆ ಇರಾಕೆ ಬಿಡಲ್ಲ."

ಅವನು ಸೈಕಲ್ಲು ಹತ್ತಿ ಹೋದ. ಚೌಡಕ್ಕ ನೇರ ಕೋಣೆಗೆ ಹೋಗಿ ಒಂದು ಜಾಡಿಯನ್ನು ಎತ್ತಿ ಹಿತ್ತಲಿಗೆ ತಂದಳು. ಸುರಿಯುವುದು ಅವಳಿಗೆ ಹೊಸದಲ್ಲ, ಹಿಂದೆಯೂ ಸುರಿದಿದ್ದಳು. ಆದರೆ ಜಾಡಿಯನ್ನು ಓರೆ ಮಾಡಿದಾಗ ಬಾಯಿಗೆ ಬಂದ ರಸ ಜೇನಿನ ಬಣ್ಣದ್ದಾಗಿತ್ತು. ಮಂಚದ ಮೇಲೆ ಕಣ್ಣು ತುಂಬಿಕೊಂಡ ಮುದುಕಿಯ ನೆನಪಾಯಿತು. ದಿನಗಟ್ಟಲೆ ಹುರಿ ಹೊಸೆದದ್ದು, ಹುಳುಗಳಿಂದ ಕಚ್ಚಿಸಿಕೊಂಡದ್ದು ನೆನಪಾಯಿತು. ಇದು ಹಣ್ಣಿನ ರಸ, ಕೆಡುತ್ತಿದೆ, ಅಷ್ಟೇ ಎಂದುಕೊಂಡಳು. ಕೆಡುವ ರಸವನ್ನು ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು.

ಅವಳ ಅಪ್ಪ ಉಬ್ರಾಣಿ ಸುತ್ತಿನ ಆಲೆಮನೆಗಳಲ್ಲಿ ಪಾಕ ನೋಡುವವನಾಗಿದ್ದ. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಪಕ್ಕ ನಿಂತು, ಬೆಲ್ಲಕ್ಕೆ ಯಾವಾಗ ಇಳಿಸಬೇಕು, ಗಟ್ಟಿಯಾಗದೆ ಹರಿಯುವ ಜೋನಿಗೆ ಯಾವಾಗ ಇಳಿಸಬೇಕು ಎಂದು ಹೇಳುವುದೇ ಅವನ ಕೆಲಸ. ಗಾಣ ಕೆಟ್ಟು ಹಾಲು ಹುಳಿ ಬಂದಾಗ ಅವನು ಚೆಲ್ಲಲು ಬಿಡುತ್ತಿರಲಿಲ್ಲ. ಬೆಲ್ಲ ಕಟ್ಟದಿದ್ದರೂ ಜೋನಿಯಾಗುತ್ತದೆ ಎನ್ನುತ್ತಿದ್ದ. ಮದುವೆಗೆ ಮೊದಲು ಚೌಡಕ್ಕ ಎಷ್ಟೋ ವರ್ಷ ಅವನ ಪಕ್ಕದಲ್ಲಿ ನಿಂತು ನೊರೆ ತೆಗೆದಿದ್ದಳು.

ಮಾರನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿದಳು. ದವಾಖಾನೆಯಲ್ಲಿ ಬಟ್ಟೆ ಕುದಿಸುವ ಪಾತ್ರೆ ಬೇಡವೆಂದು, ಅಡುಗೆಯ ದೊಡ್ಡ ಹಿತ್ತಾಳೆ ಪಾತ್ರೆ ತೆಗೆದಳು. ಹಿಂದಿನ ತಿಂಗಳಷ್ಟೇ ಅದಕ್ಕೆ ಕಲಾಯಿ ಹಾಕಿಸಿತ್ತು. ಇಲ್ಲದಿದ್ದರೆ ಆ ಹುಳಿಗೆ ಹಿತ್ತಾಳೆ ಕಿಲುಬು ಬಿಡುತ್ತಿತ್ತು. ಎರಡೂ ಜಾಡಿ ಸುರಿದು ಬೆಂಕಿ ಹಚ್ಚಿದಳು. ನಾಗೇಂದ್ರಪ್ಪ ಬಾಗಿಲಲ್ಲಿ ಬಂದು ನಿಂತ. ಸಿಸ್ಟರಮ್ಮನಿಗೆ ಏನು ಹೇಳುತ್ತೀಯಾ ಎಂದು ಕೇಳಿದ. ಬಂದಾಗ ಹೇಳ್ತೀನಿ ಎಂದಳು. ಅವನು ಇನ್ನೇನೂ ಕೇಳದೆ ಸೌದೆ ಒಡೆದು ಕೊಟ್ಟ.

ರಸ ಬಿಸಿಯಾದಂತೆ ಅವಳು ಹೆದರಿದ್ದ ವಾಸನೆ ನೂರು ಪಾಲಾಯಿತು. ಹಬೆಯ ಜೊತೆ ಎದ್ದು ಹಿತ್ತಲೆಲ್ಲ ತುಂಬಿತು. ಮೂಗಿಗೆ ಸೆರಗು ಒತ್ತಿಕೊಂಡು ನಿಂತಳು. ತಿಪ್ಪೇಶಪ್ಪ ಬೇಲಿಯ ಆಚೆಯೇ ನಿಂತಿದ್ದಾನೆ ಎನ್ನುವಷ್ಟು ಹತ್ತಿರವಿತ್ತು ಆ ವಾಸನೆ. ಈ ಹೊತ್ತಿನಲ್ಲಿ ಯಾರಾದರೂ ಗೇಟಿಗೆ ಬಂದರೆ ಮುಗಿಯಿತು ಎಂದು ನಾಗೇಂದ್ರಪ್ಪ ರಸ್ತೆಗೆ ಹೋಗಿ ನಿಂತ. ಚೌಡಕ್ಕ ಬೆಂಡೆಗಿಡದ ದಂಟು ಜಜ್ಜಿ ನೀರಲ್ಲಿ ಕಿವುಚಿ, ಆ ಲೋಳೆಯನ್ನು ಪಾತ್ರೆಗೆ ಬಿಟ್ಟಳು. ಕೊಳೆಯೆಲ್ಲ ನೊರೆಯಾಗಿ ಮೇಲೆದ್ದಿತು. ಅದನ್ನು ತೆಗೆದು ಚೆಲ್ಲಿದಳು. ಹುಳಿ ಮುರಿಯಲು ಒಂದು ಚಮಚ ಸುಣ್ಣದ ತಿಳಿ ಹಾಕಿದಳು. ಮತ್ತೆ ನೊರೆ ತೆಗೆದಳು.

ಯಾವ ಗಳಿಗೆಯಲ್ಲಿ ಅದು ಬದಲಾಯಿತೋ ಅವಳಿಗೆ ತಿಳಿಯಲಿಲ್ಲ. ಸೌದೆ ಒಳಗೆ ತಳ್ಳಲು ಬಗ್ಗಿದವಳು ಎದ್ದಾಗ ಸೆರಗು ಮೂಗಿನಿಂದ ಜಾರಿತ್ತು. ಉಸಿರು ಎಳೆದುಕೊಂಡಳು. ಸಾರಾಯಿ ಇರಲಿಲ್ಲ. ಇನ್ನೊಮ್ಮೆ ಪಾತ್ರೆಯ ಮೇಲೆಯೇ ಮುಖವಿಟ್ಟು ಎಳೆದುಕೊಂಡಳು. ಬೆಂದ ಹಣ್ಣು, ಜೇನು, ಸ್ವಲ್ಪ ಬೆಲ್ಲದ ಕಂಪು. ಬೇರೆ ಏನೂ ಇಲ್ಲ. ಅವಳ ಹೆಗಲು ಅಷ್ಟು ಹೊತ್ತು ಕಿವಿಯವರೆಗೆ ಏರಿ ನಿಂತಿತ್ತು ಎಂಬುದು ಅದು ಕೆಳಗೆ ಇಳಿದಾಗಲೇ ಗೊತ್ತಾಯಿತು. ರಸ್ತೆಯಲ್ಲಿದ್ದ ನಾಗೇಂದ್ರಪ್ಪನನ್ನು ಕೂಗಿ ಕರೆದಳು. ಅವನೂ ಮೂಸಿ ನೋಡಿ, ಹೋಯ್ತು ಕಣಕ್ಕ ಎಂದ.

ಮಧ್ಯಾಹ್ನದ ಹೊತ್ತಿಗೆ ಪಾಕ ಕಂದುಬಣ್ಣಕ್ಕೆ ತಿರುಗಿತು. ತಣ್ಣೀರಿನ ತಟ್ಟೆಗೆ ಒಂದು ಹನಿ ಬಿಟ್ಟು ನೋಡಿದಳು. ಹನಿ ಹರಡದೆ, ಗಟ್ಟಿಯೂ ಆಗದೆ ಮೆಲ್ಲಗೆ ಜಾರಿತು. ಅದೇ ಜೋನಿ. ಇಳಿಸಿದಳು. ಎರಡು ಜಾಡಿಯ ರಸ ಒಂದು ಜಾಡಿಯ ಅರ್ಧಕ್ಕೂ ಸ್ವಲ್ಪ ಮೇಲೆ ಬಂತು. ಖಾಲಿ ಜಾಡಿಯನ್ನು ಬೂದಿ ಹಾಕಿ ಉಜ್ಜಿ ಬಿಸಿಲಿಗೆ ಬೋರಲು ಹಾಕಿದಳು.

ಮರುದಿನ ಹತ್ತು ಗಂಟೆಗೆ ಜೀಪು ಬಂತು. ಇನ್‌ಸ್ಪೆಕ್ಟರು ಕನ್ನಡಕ ಹಾಕಿದ ಸಣಕಲು ಮನುಷ್ಯ, ಹೆಚ್ಚು ಮಾತಿಲ್ಲ. ಹಿಂದೆ ಜಯಪ್ಪ, ಅವನ ಹಿಂದೆ ಗುತ್ತಿಗೆದಾರನ ಕಡೆಯ ಇಬ್ಬರು. ಅಟ್ಟ ನೋಡಿದರು. ಮಂಚದ ಕೆಳಗೆ ನೋಡಿದರು. ಔಷಧಿ ಬಾಟಲಿಗಳನ್ನು ಒಂದೊಂದಾಗಿ ಮೂಸಿದರು.  ಕೊನೆಗೆ ಚೌಡಕ್ಕನ ಕೋಣೆಯಲ್ಲಿದ್ದ ಜಾಡಿ ಸಿಕ್ಕಿತು. ಗುತ್ತಿಗೆದಾರನ ಕಡೆಯವನೊಬ್ಬ ಅದನ್ನು ಹೊರಗೆ ತಂದು, ಇದೇ ಸಾರ್ ಎಂದ.

ಇನ್‌ಸ್ಪೆಕ್ಟರು ಬಟ್ಟೆ ಬಿಚ್ಚಿ ಮೂಸಿದರು. ಹುಬ್ಬು ಗಂಟಿಕ್ಕಿತು. ಬೆರಳ ತುದಿಯಿಂದ ತೆಗೆದು ನಾಲಿಗೆಗೆ ಇಟ್ಟುಕೊಂಡರು.

"ಏನಮ್ಮ ಇದು?"

"ಜೋನಿ ಸಾಹೇಬ್ರೆ. ದ್ರಾಕ್ಷಿ ಜೋನಿ."

"ದ್ರಾಕ್ಷೀಲಿ ಯಾರಾದ್ರೂ ಜೋನಿ ಮಾಡ್ತಾರಾ? ಇಲ್ಲಿ ವಾಸನೆ ಬರ್ತಿತ್ತು ಅಂತ ದೂರು ಬಂದಿದೆ."

ಸುಳ್ಳು ಹೇಳಬಹುದಿತ್ತು. ನಾಗೇಂದ್ರಪ್ಪ ಅದನ್ನೇ ಬಯಸಿ ಅವಳ ಕಡೆ ನೋಡುತ್ತಿದ್ದ. ಚೌಡಕ್ಕನಿಗೆ ಸುಳ್ಳು ಹುಡುಕುವಷ್ಟು ತ್ರಾಣವೂ ಉಳಿದಿರಲಿಲ್ಲ.

"ಬರ್ತಿತ್ತು. ರಸ ಇಟ್ಟಿದ್ದು ಹುಳಿ ಬಂದಿತ್ತು. ನಂಗೆ ಆ ವಾಸನೆ ಗೊತ್ತೈತೆ. ನನ್ನ ಗಂಡ ಸಾರಾಯಿ ಕುಡಿದೇ ಸತ್ತ. ಅದ್ಕೆ ಕಾಸಿ ಜೋನಿ ಮಾಡೀನಿ. ನಾನು ಸಾರಾಯಿ ಮಾಡೋಳಂಗೆ ಕಾಣ್ತೀನೇನ್ರಿ ನಿಮಗೆ?"

 ಗುತ್ತಿಗೆದಾರನ ಕಡೆಯವರು ನೆಲ ನೋಡಿದರು. ಅವರಲ್ಲಿ ಒಬ್ಬ ತಿಪ್ಪೇಶಪ್ಪನ ಜೊತೆ ಜಿನ್ನಿನಲ್ಲಿ ಮೂಟೆ ಹೊತ್ತವನೇ. ಇನ್‌ಸ್ಪೆಕ್ಟರು ಇನ್ನೊಮ್ಮೆ ಬೆರಳು ಅದ್ದಿ, ಈ ಸಲ ಸ್ವಲ್ಪ ಹೆಚ್ಚೇ ತೆಗೆದು, ನಿಧಾನವಾಗಿ ಚಪ್ಪರಿಸಿದರು. ಪುಸ್ತಕ ತೆಗೆದು, ತಪಾಸಣೆ ಮಾಡಲಾಗಿ ಹಣ್ಣಿನ ಪಾಕ ಬಿಟ್ಟು ಮತ್ತೇನೂ ಕಂಡುಬರಲಿಲ್ಲ ಎಂದು ಬರೆದು, ಓದಿ ಹೇಳಿ, ನಾಗೇಂದ್ರಪ್ಪನ ಸಹಿ ತೆಗೆದುಕೊಂಡರು. ಜೀಪು ಹತ್ತುವ ಮೊದಲು ಮಾತ್ರ, ಬಾಣಂತಿಯರಿಗೆ ಇದು ಒಳ್ಳೆಯದಿರಬೇಕು ಅಲ್ಲವೇ ಎಂದು ಕೇಳಿದರು. ಇರಬಹುದು ಎಂದಳು ಚೌಡಕ್ಕ. ಜೀಪಿನ ಧೂಳು ಅಡಗುವವರೆಗೆ ನೆಟ್ಟಗೆ ನಿಂತಿದ್ದವಳು, ಆಮೇಲೆ ಜಗುಲಿಯ ಮೇಲೆ ಕುಸಿದು ಕೂತಳು. ನಗು ಬಂತು, ನಿಲ್ಲಲಿಲ್ಲ. ನಾಗೇಂದ್ರಪ್ಪನೂ ಪಕ್ಕದಲ್ಲಿ ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ನಕ್ಕ.

ಆದರೆ ಒಂದು ಭಯ ಹೋದ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಸಿಸ್ಟರಮ್ಮ ಮುಟ್ಟಬೇಡ ಎಂದು ಬರೆದದ್ದನ್ನು ಅವಳು ಮುಟ್ಟಿದ್ದಳು. ಮುಟ್ಟಿದ್ದಷ್ಟೇ ಅಲ್ಲ, ಅವರ ದೇವರಿಗೆ ಇಟ್ಟದ್ದನ್ನು ಒಲೆಗೆ ಇಟ್ಟಿದ್ದಳು. ಮುಂದಿನ ಐದು ವಾರ ಅವಳು ದಿನಕ್ಕೊಂದು ಸಲ ತನ್ನ ಟ್ರಂಕಿನ ಬಟ್ಟೆ ಮಡಚಿಟ್ಟಳು. ಹೋಗು ಎಂದರೆ ಉಬ್ರಾಣಿಗೆ ಹೋಗಬೇಕು, ಅಣ್ಣನ ಮನೆಯಲ್ಲಿ ಒಂದು ಮೂಲೆ ಸಿಕ್ಕೀತು. ಬಾಣಂತಿಯರು ಬಂದರೆ ಮಾತ್ರ ಆ ಜಾಡಿಯಿಂದ ಒಂದೊಂದು ಚಮಚ ರೊಟ್ಟಿಗೆ ಹಾಕಿ ಕೊಡುತ್ತಿದ್ದಳು.

ಜೂನ್ ತಿಂಗಳಲ್ಲಿ ಸಿಸ್ಟರಮ್ಮ ಊರುಗೋಲಿನ ಮೇಲೆ ಬಂದಿಳಿದರು. ಚೌಡಕ್ಕ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಮಣೆ ಕೊಟ್ಟು, ನೀರು ಕೊಟ್ಟು, ಎದುರಿಗೆ ನಿಂತಳು. ಬೇರೆ ಯಾರಾದರೂ ಹೇಳುವ ಮೊದಲು ತಾನೇ ಹೇಳಬೇಕೆಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಬುಸುಬುಸು ಸದ್ದು, ವಾಸನೆ, ಹೊನ್ನಾಳಿಗೆ ಬಂದು ಕೇಳದೆ ತಿರುಗಿದ್ದು, ಒಲೆ ಹೂಡಿದ್ದು, ಇನ್‌ಸ್ಪೆಕ್ಟರು ಬಂದದ್ದು. ಜಯಪ್ಪನ ಹೆಸರನ್ನು ಮಾತ್ರ ಬಿಟ್ಟಳು.

 ಸಿಸ್ಟರಮ್ಮ ಚೌಡಕ್ಕನ ಎಡಗೈಯನ್ನು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನಮ್ಮನೇಲಿ ಅದು ಊಟದ ಜೊತೆ ನೀರಿದ್ದಂಗೆ, ಚೌಡಕ್ಕ. ಹಸಿ ಹಣ್ಣು ಹಿಂಡಿದ್ರೆ ಹುಳಿ ವೈನು, ಒಣಗಿಸಿ ಹಿಂಡಿದ್ರೆ ಸಿಹಿ ವೈನು, ಹಬ್ಬಕ್ಕೆ. ಅದು ನಿಂಗೆ ಏನು ಅಂತ ನಾನು ಯೋಚನೆ ಮಾಡಲಿಲ್ಲ. ಈ ಕೈ ಕಟ್ಟಿದೋಳು ನಾನು. ನಾನು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾಯ್ತು."

ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ತಪ್ಪಾಯ್ತು ಎಂದಿರಲಿಲ್ಲ. ತಿಪ್ಪೇಶಪ್ಪ ಅತ್ತಿದ್ದ, ಆದರೆ ಆ ಮಾತು ಆಡಿರಲಿಲ್ಲ. ಅಯ್ಯೋ ಬಿಡ್ರಮ್ಮ ಎಂದಳು ಚೌಡಕ್ಕ.

ಸಿಸ್ಟರಮ್ಮ ಇನ್ನೂ ಒಂದು ಮಾತು ಹೇಳಿದರು. ವೈನು ಮಾಡುವ ಪರವಾನಗಿ ಇದ್ದದ್ದು ಹೊನ್ನಾಳಿಯ ಗುರುಗಳ ಹೆಸರಿಗೆ, ಅಲ್ಲಿನ ಚರ್ಚಿಗೆ ಮಾತ್ರ. ಇಲ್ಲಿ ಮಾಡಲು ಅನುಮತಿ ಇರಲಿಲ್ಲ. ಗುರುಗಳಿಲ್ಲದ ವರ್ಷ ಇಲ್ಲೇ ಮಾಡಿದರೇನು ಎಂದು ಅವರು ಯೋಚಿಸಿದ್ದರು, ಕಾಗದದ ಗೊಡವೆಯೇ ಹೊಳೆದಿರಲಿಲ್ಲ. ಆ ಜಾಡಿಗಳು ಇದ್ದ ಹಾಗೆಯೇ ಸಿಕ್ಕಿದ್ದರೆ ತಾವು ಈ ಹೊತ್ತಿಗೆ ಇಟಲಿಯ ವಿಮಾನದಲ್ಲಿರುತ್ತಿದ್ದರು. 

ಚೌಡಕ್ಕ ಒಳಗೆ ಹೋಗಿ ಜೋನಿ ತಂದಳು. ಸಿಸ್ಟರಮ್ಮ ಚಮಚದಲ್ಲಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಹಣ್ಣು ಕೀಳುವ ಕಾಲದಲ್ಲಿ ಅವರ ತಾಯಿ ದ್ರಾಕ್ಷಿಯ ಹಸಿ ರಸಕ್ಕೆ ಹಿಟ್ಟು ಹಾಕಿ ಕುದಿಸಿ, ಅಂಬಲಿಗಿಂತ ಗಟ್ಟಿಯಾಗಿ ಮಾಡಿ ಮಕ್ಕಳಿಗೆ ಕೊಡುತ್ತಿದ್ದರಂತೆ. ನಲವತ್ತು ವರ್ಷವಾಗಿತ್ತಂತೆ ಅದನ್ನು ತಿಂದು. ಜೋಳದ ಹಿಟ್ಟಿನಲ್ಲಿ ಆಗುತ್ತದೆಯೇ ಎಂದು ಕೇಳಿದರು. ಯಾಕಾಗಲ್ಲ ಎಂದಳು ಚೌಡಕ್ಕ.

ಅಂದು ಸಂಜೆಯೇ ಅವರಿಬ್ಬರೂ ಮುಂದಿನ ವರ್ಷದ ಮಾತಾಡಿ ಮುಗಿಸಿದರು. ಗುರುಗಳಿಗೆ ಬೇಕಾದಷ್ಟು ಹಣ್ಣು ಹೊನ್ನಾಳಿಗೆ ಹೋಗಲಿ, ಮಿಕ್ಕದ್ದು ಇಲ್ಲಿ ಜೋನಿಯಾಗಲಿ, ಬಾಣಂತಿಯರಿಗೂ ಕಾಯಿಲೆಯಿಂದ ಎದ್ದವರಿಗೂ ಆಗುತ್ತದೆ ಎಂದರು ಸಿಸ್ಟರಮ್ಮ. ಹೊನ್ನಾಳಿಗೆ ಹೋಗುವ ಮಾಲೆಗಳನ್ನೂ ಕಟ್ಟುವುದು ಬೇಡವೆನಿಸಿದರೆ ಹೇಳು ಎಂದರು.

ಚೌಡಕ್ಕ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದಳು.

"ಹೆಣೆಯೋದು ನಾನೇ ಹೆಣೀತೀನಿ. ಅದು ನಂಗೆ ಖುಷಿ. ಅಲ್ಲಿ ಹೋದ ಮ್ಯಾಲೆ ಅದು ನಿಮ್ಮ ದೇವರ ಪಾಡು. ಇಲ್ಲಿ ಮಾತ್ರ ಬ್ಯಾಡ್ರಮ್ಮ."

"ಇಲ್ಲಿ ಬ್ಯಾಡ," ಎಂದರು ಸಿಸ್ಟರಮ್ಮ, ಅವಳ ಮಾತಿನ ಧಾಟಿಯಲ್ಲೇ.

ಅವರನ್ನು ಒಳಗೆ ಮಲಗಿಸಿ ಬಂದ ಮೇಲೆ ಚೌಡಕ್ಕನಿಗೆ ತಾನು ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿಲ್ಲವೆಂದು ನೆನಪಾಯಿತು. ಹೊಟ್ಟೆ ಚುರುಗುಟ್ಟುತ್ತಿತ್ತು. ಒಲೆಯ ಮುಂದೆ ಕೂತು, ಎರಡು ರೊಟ್ಟಿ ಬಡಿದು, ಬಿಸಿಬಿಸಿ ಇರುವಾಗಲೇ ತಿಂದಳು. ಸಾಲದೆನಿಸಿ ಮೂರನೆಯದಕ್ಕೆ ಹಿಟ್ಟು ಕಲಸಿದಳು.